ಕಣ್ಣಿನವರು, ಕಿವಿಯವರು, ಕೈಯವರು



ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ನಾಲ್ಕು ಜನಕ್ಕೆ ಕೆಲಸ ಕೊಟ್ಟಿರುವವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಓರಗೆಯವರು ಊಹಿಸಿದರೆ ಊಹಿಸಲಿ, ಆದರೆ ಪರಸ್ಪರ ಫೋನು ಮಾಡಿ ಖಚಿತಪಡಿಸಿಕೊಳ್ಳುವ ಗೊಡವೆಗೆ ಹೋಗಬೇಡಿ. ಕಾಫಿ ಕುಡಿದಾದ ಮೇಲೆ ಅವನು ಚೀಲದಿಂದ ಬಣ್ಣಬಣ್ಣದ ಒಂದು ಪುಸ್ತಿಕೆಯನ್ನು ತೆಗೆದು ಮೇಜಿನ ಮೇಲಿಟ್ಟ. ಅವನ ಹನ್ನೊಂದು ವರ್ಷದ ಮಗಳ ಬೆರಳಚ್ಚುಗಳನ್ನು ಪಡೆದು, ಅವುಗಳ ಆಧಾರದ ಮೇಲೆ ಅವಳಲ್ಲಿ ಯಾವ ಯಾವ ಬಗೆಯ ಬುದ್ಧಿ ಶೇಕಡಾ ಎಷ್ಟೆಷ್ಟಿದೆ, ಅವಳು ಕಣ್ಣಿನಿಂದ ಕಲಿಯುವವಳೋ ಕಿವಿಯಿಂದಲೋ ಕೈಯಿಂದಲೋ ಎಂಬುದನ್ನೆಲ್ಲ ಚಿತ್ರಪಟಗಳ ಸಹಿತ ಮುದ್ರಿಸಿಕೊಟ್ಟ ವರದಿ ಅದು. ಅದಕ್ಕಾಗಿ ಅವನು ಕೆಲವು ಸಾವಿರ ರೂಪಾಯಿ ತೆತ್ತಿದ್ದ. ಗಣಿತದ ಬುದ್ಧಿ ಅವಳಿಗೆ ಎಲ್ಲಕ್ಕಿಂತ ಕಡಿಮೆ ಎಂದು ಅದರಲ್ಲಿತ್ತು.

"ಸರ, ಇದನ್ನ ನಂಬಬೇಕೇನ್ರೀ?" ಎಂದು ಕೇಳಿದ.

ನಂಬಬೇಡ ಎನ್ನಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಬೆರಳ ತುದಿಯ ಗೆರೆಗಳು ಮಗು ಗರ್ಭದಲ್ಲಿರುವಾಗಲೇ ಮೂಡಿಬಿಡುತ್ತವೆ. ಅವುಗಳಿಂದ ಮನುಷ್ಯನ ಗುರುತು ಹಿಡಿಯಬಹುದು, ಗಣಿತ ಬರುತ್ತದೆಯೋ ಇಲ್ಲವೋ ಹೇಳಲಾಗದು. ಆದರೆ ಅವನು ಆ ಮೇಲೆ ಆಡಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದನ್ನು ಹೇಳುವ ಮೊದಲು, ಮಕ್ಕಳ ಬುದ್ಧಿಯನ್ನು ಅಳೆಯುವ, ವಿಂಗಡಿಸುವ ಈ ವಿದ್ಯೆ ಎಲ್ಲಿ ಹುಟ್ಟಿತು, ನಮ್ಮ ಸೀಮೆಗೆ ಹೇಗೆ ಬಂದಿತು ಎಂಬ ಕಥೆಯನ್ನು ಹೇಳಬೇಕಾಗಿದೆ. ದೀರ್ಘವಾದೀತು, ಸೈರಿಸಿಕೊಳ್ಳಿ. ತರಗತಿಯಲ್ಲಿಯೂ ನಾನು ಗಂಟೆ ಹೊಡೆದ ಮೇಲೂ ಪಾಠ ಮುಂದುವರಿಸುತ್ತಿದ್ದವನೆಂಬುದು ನಿಮಗೆ ಗೊತ್ತಿದ್ದದ್ದೇ.

ಕಥೆ ಆರಂಭವಾಗುವುದು ಪ್ಯಾರಿಸ್ ನಗರದಲ್ಲಿ. 1892ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಜಾಕ್ ಇನೋದಿ ಎಂಬ ಇಪ್ಪತ್ತನಾಲ್ಕರ ಯುವಕನನ್ನು ತಂದು ನಿಲ್ಲಿಸಿದರು. ಇಟಲಿಯ ಪೀಡ್‌ಮಾಂಟ್ ಪ್ರಾಂತದ ಬಡ ಮನೆಯ ಹುಡುಗ, ಕುರಿ ಕಾಯುತ್ತ ಬೆಳೆದವನು. ಕುರಿಗಳ ನಡುವೆಯೇ ಎಣಿಕೆ ಕಲಿತವನಿಗೆ ಓದು ಬರಹ ದಕ್ಕಿದ್ದು ಇಪ್ಪತ್ತರ ಆಸುಪಾಸಿನಲ್ಲಿ. ಆದರೆ ಬಹುದೊಡ್ಡ ಸಂಖ್ಯೆಗಳ ಗುಣಾಕಾರವನ್ನು ಮನಸ್ಸಿನಲ್ಲಿಯೇ ಮಾಡಿ ಹೇಳುತ್ತಿದ್ದ. ರಂಗಮಂದಿರಗಳಲ್ಲಿ ಈ ವಿದ್ಯೆಯನ್ನು ಪ್ರದರ್ಶಿಸಿ ಬದುಕುತ್ತಿದ್ದ. ಅವನನ್ನು ಪರೀಕ್ಷಿಸಲು ನೇಮಕವಾದ ಸಮಿತಿಯಲ್ಲಿ ಹೆಸರಾಂತ ನರರೋಗ ವೈದ್ಯ ಶಾರ್ಕೋ ಇದ್ದರು. ಶಾರ್ಕೋ ಅವರದು ಒಂದು ಸಿದ್ಧಾಂತ: ಕೆಲವರ ನೆನಪು ಕಣ್ಣಿನದು, ಕೆಲವರದು ಕಿವಿಯದು, ಕೆಲವರದು ಅಂಗಚಲನೆಯದು ಎಂದು. ಇನೋದಿಯ ಪರೀಕ್ಷೆಯಲ್ಲಿ ನೆರವಾಗಲು ಅವರು ಕರೆಸಿಕೊಂಡದ್ದು ಆಲ್ಫ್ರೆಡ್ ಬಿನೆ ಎಂಬ ಮೂವತ್ತೈದರ ಮನೋವಿಜ್ಞಾನಿಯನ್ನು.

ಇನೋದಿ ಅಂಕಿಗಳನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದ. ತನ್ನದೇ ದನಿಯಲ್ಲಿ ಅವು ಒಳಗೆ ಮೊಳಗುತ್ತಿದ್ದುವಂತೆ. ಬಿನೆ ಇನ್ನೊಬ್ಬ ಗಣಕ ಪುರುಷನನ್ನೂ ಪರೀಕ್ಷಿಸಿದರು. ಅವನು ದಿಯಾಮಾಂದಿ ಎಂಬ ಗ್ರೀಕ್ ವರ್ತಕ, ಶಾಲೆಯಲ್ಲಿ ಓದಿದವನು. ಅವನಿಗೆ ಅಂಕಿಗಳು ಕಾಣುತ್ತಿದ್ದುವು, ಅದೂ ತನ್ನ ಸ್ವಂತ ಕೈಬರಹದಲ್ಲಿ ಬರೆದಂತೆ. ಐದು ಸಾಲು ಐದು ಕಂಬಗಳ ಇಪ್ಪತ್ತೈದು ಅಂಕಿಗಳ ಚೌಕವನ್ನು ಇಬ್ಬರಿಗೂ ಕೊಟ್ಟು ನೆನಪಿಡಲು ಹೇಳಿದಾಗ, ಸಾಲುಸಾಲಾಗಿ ಒಪ್ಪಿಸುವುದರಲ್ಲಿ ಇನೋದಿ ಹಿಂದೆ ಬೀಳಲಿಲ್ಲ. ಮೇಲಿನಿಂದ ಕೆಳಕ್ಕೆ ಕಂಬಕಂಬವಾಗಿ ಒಪ್ಪಿಸು ಎಂದಾಗ ಮಾತ್ರ ದಿಯಾಮಾಂದಿ ಬಹಳ ಮುಂದಿದ್ದ. ಕಾಣುವವನಿಗೆ ಚೌಕ ಚೌಕವಾಗಿಯೇ ಉಳಿದಿತ್ತು. ಕೇಳುವವನು ಒಳಗೆ ಎಲ್ಲವನ್ನೂ ಮತ್ತೆ ನುಡಿದುಕೊಳ್ಳಬೇಕಿತ್ತು. 1894ರಲ್ಲಿ ಬಿನೆ ಈ ಕುರಿತು ಪುಸ್ತಕವನ್ನೇ ಬರೆದರು. ಕಣ್ಣು, ಕಿವಿ, ಕೈ ಎಂಬ ಈ ಮೂರು ಪಂಗಡಗಳು ತೀರ ಈಚಿನ ಶೋಧವೆಂದು ತರಬೇತಿಗಳಲ್ಲಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಕುರಿಗಾಹಿಯ ನೆನಪಾಗುತ್ತದೆ.

ಬಿನೆಯವರ ಬದುಕು ಸ್ವತಃ ಒಂದು ಪಾಠ. 1857ರಲ್ಲಿ ನೀಸ್ ನಗರದಲ್ಲಿ ಹುಟ್ಟಿದ ಅವರು ಓದಿದ್ದು ಕಾನೂನು. ಮನೋವಿಜ್ಞಾನವನ್ನು ಕಲಿತದ್ದು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು, ತಾವಾಗಿಯೇ. ಶಾರ್ಕೋ ಅವರ ಆಸ್ಪತ್ರೆಯಲ್ಲಿದ್ದಾಗ, ಸಂಮೋಹನಕ್ಕೊಳಗಾದ ರೋಗಿಗಳ ಮೇಲೆ ಅಯಸ್ಕಾಂತ ಪ್ರಭಾವ ಬೀರುತ್ತದೆಂದು ಬರೆದು, ಅದು ತಪ್ಪೆಂದು ಬೇರೆಯವರು ತೋರಿಸಿಕೊಟ್ಟ ಮೇಲೆ ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು. ಮುಂದೆ ಶಾಲಾ ಮಕ್ಕಳ ತಲೆಯ ಸುತ್ತಳತೆ ತೆಗೆದು ಜಾಣರಿಗೂ ಮಂದರಿಗೂ ವ್ಯತ್ಯಾಸ ಹುಡುಕಲು ಹೊರಟರು. ಸಿಕ್ಕ ವ್ಯತ್ಯಾಸ ಕೂದಲೆಳೆಯಷ್ಟು. ಸಾಲದ್ದಕ್ಕೆ, ತಾನು ಏನನ್ನು ನಿರೀಕ್ಷಿಸುತ್ತೇನೋ ಅದರ ಕಡೆಗೆ ತನ್ನ ಕೈಯ ಅಳತೆಪಟ್ಟಿಯೇ ವಾಲುತ್ತದೆ ಎಂಬುದನ್ನು ಕಂಡುಕೊಂಡು ಆ ಕೆಲಸವನ್ನು ಕೈಬಿಟ್ಟರು. ತನ್ನ ಅಳತೆಪಟ್ಟಿಯನ್ನೇ ಸಂಶಯಿಸಿದ ಮನುಷ್ಯ! ಮಾಸ್ತರರಾದ ನಮ್ಮಲ್ಲಿ ಎಷ್ಟು ಮಂದಿ ತಮ್ಮ ಕೆಂಪು ಶಾಯಿಯನ್ನು ಹಾಗೆ ಸಂಶಯಿಸಿದ್ದೇವೆ?

ಅವರ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು, ಮಾದಲೇನ್ ಮತ್ತು ಆಲೀಸ್. ತಂದೆ ಈ ಇಬ್ಬರನ್ನೂ ಎಳವೆಯಿಂದಲೇ ಕೂಡಿಸಿಕೊಂಡು ನೂರಾರು ಸಣ್ಣ ಪರೀಕ್ಷೆ ಮಾಡಿದರು. ಒಂದೇ ಮನೆ, ಒಂದೇ ಊಟ, ಒಂದೇ ಪಾಠ. ಆದರೂ ಹಿರಿಯಳು ಕಂಡದ್ದನ್ನು ಕಂಡಂತೆ, ಗಮನವಿಟ್ಟು ವರ್ಣಿಸುವವಳು. ಕಿರಿಯಳು ಕಂಡದ್ದನ್ನು ಬಿಟ್ಟು ಕಲ್ಪನೆಯ ಬೆನ್ನು ಹತ್ತುವವಳು. 1903ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಹೆಸರು ಬದಲಿಸಿ ಈ ಇಬ್ಬರ ಮನಸ್ಸಿನ ರೀತಿಯನ್ನು ಅವರು ವಿವರವಾಗಿ ಚಿತ್ರಿಸಿದರು. ಇಬ್ಬರಲ್ಲಿ ಯಾರು ಮೇಲು ಎಂದು ಅಂಕ ಹಾಕಲಿಲ್ಲ. ತಂದೆಯಾದವನು ಹೇಗೆ ಹಾಕಿಯಾನು?

ಹೀಗೆ ವ್ಯಕ್ತಿಯ ಬಗೆಯನ್ನು ಅಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದವರ ಕೈಯಿಂದಲೇ ಎರಡು ವರ್ಷದ ಬಳಿಕ ಬುದ್ಧಿಮಾಪನದ ಮಾನಕ ಹೊರಬಿದ್ದದ್ದು ಹೇಗೆ? ಕಾರಣ, ಶಾಲೆ. 1881 ಮತ್ತು 1882ರ ಕಾಯಿದೆಗಳಿಂದ ಫ್ರಾನ್ಸಿನಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಗಿತ್ತು. ಅಲ್ಲಿಯವರೆಗೆ ಹೊಲದಲ್ಲಿ, ಕಾರ್ಖಾನೆಯಲ್ಲಿ, ಬೀದಿಯಲ್ಲಿದ್ದ ಮಕ್ಕಳೆಲ್ಲ ಬೆಂಚಿನ ಮೇಲೆ ಬಂದು ಕುಳಿತರು. ಕೆಲವರು ಪಾಠದ ಜೊತೆ ನಡೆಯಲಾರದೆ ಹಿಂದುಳಿದರು. ಅವರಲ್ಲಿ ನಿಜವಾಗಿ ವಿಶೇಷ ನೆರವು ಬೇಕಾದವರು ಯಾರು, ಬರಿದೆ ಸೋಮಾರಿಯೆಂದೋ ತುಂಟನೆಂದೋ ಮಾಸ್ತರರ ಅವಕೃಪೆಗೆ ಪಾತ್ರರಾದವರು ಯಾರು ಎಂದು ತೀರ್ಮಾನಿಸಲು ಸರಕಾರ 1904ರಲ್ಲಿ ಒಂದು ಆಯೋಗ ನೇಮಿಸಿತು. ಬಿನೆ ಅದರ ಸದಸ್ಯರಾದರು. ಮಾಸ್ತರರ ಮಾತನ್ನೇ ನಂಬಿದರೆ ತಮಗೆ ಬೇಡದ ಮಗುವನ್ನು ಹೊರಹಾಕಿಯಾರು ಎಂಬ ಅಳುಕು ಅವರಿಗಿತ್ತು. ಆ ಅಳುಕು ನಿರಾಧಾರವಾದುದೆಂದು ನಾನು ಹೇಳಲಾರೆ.

ಹೀಗಾಗಿ ಥಿಯೊಡೋರ್ ಸಿಮೋನ್ ಎಂಬ ತರುಣ ವೈದ್ಯರೊಡನೆ ಸೇರಿ 1905ರಲ್ಲಿ ಮೂವತ್ತು ಪ್ರಶ್ನೆಗಳ ಮಾಲೆಯನ್ನು ರಚಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದರಿಂದ ಮೊದಲಾಗಿ, ಮೂರು ಅಂಕಿಗಳನ್ನು ಮರುನುಡಿಯುವುದು, ಎರಡು ತೂಕಗಳಲ್ಲಿ ಭಾರವಾದುದನ್ನು ಗುರುತಿಸುವುದು, ಕೊನೆಗೆ ಎರಡು ಅಮೂರ್ತ ಶಬ್ದಗಳ ವ್ಯತ್ಯಾಸ ಹೇಳುವುದು, ಹೀಗೆ ಸುಲಭದಿಂದ ಕಠಿಣಕ್ಕೆ ಏರುವ ಮೆಟ್ಟಿಲುಗಳು. 1908ರಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದರು. ಉದ್ದೇಶ ಒಂದೇ: ಹಿಂದುಳಿದ ಮಗುವನ್ನು ಗುರುತಿಸಿ ನೆರವಾಗುವುದು. ಇದು ಬುದ್ಧಿಯನ್ನು ಬಟ್ಟೆಯಂತೆ ಮೊಳ ಹಾಕುವ ಸಾಧನವಲ್ಲ ಎಂದು ಅವರೇ ಎಚ್ಚರಿಸಿದ್ದರು. 1909ರ ಪುಸ್ತಕದಲ್ಲಿ, ಬುದ್ಧಿ ಹುಟ್ಟಿನಿಂದ ನಿಶ್ಚಿತವಾದದ್ದು, ಹೆಚ್ಚಿಸಲಾಗದು ಎನ್ನುವವರ ನಿರಾಶಾವಾದವನ್ನು ಕಟುವಾಗಿ ಖಂಡಿಸಿದರು. ತಮ್ಮ ವಿದ್ಯಾರ್ಥಿದೆಸೆಯ ಒಂದು ಪರೀಕ್ಷೆಯಲ್ಲಿ, ಯಾವುದೋ ಗ್ರೀಕ್ ತತ್ತ್ವಜ್ಞಾನಿಯ ಹೆಸರನ್ನು ಅದಲುಬದಲು ಮಾಡಿದ್ದಕ್ಕೆ, ನಿನಗೆ ತಾತ್ತ್ವಿಕ ಬುದ್ಧಿ ಎಂದಿಗೂ ಬಾರದು ಎಂದು ಪರೀಕ್ಷಕರೊಬ್ಬರು ನುಡಿದದ್ದನ್ನು ಬಿನೆ ಐವತ್ತು ದಾಟಿದ ಮೇಲೂ ಮರೆತಿರಲಿಲ್ಲ. ಹಿಂದುಳಿದ ಮಕ್ಕಳಿಗಾಗಿ ವಿಶೇಷ ತರಗತಿಗಳಲ್ಲಿ ಅವರು ಆಡಿಸಿದ ಆಟವೊಂದಿದೆ: ಮಾಸ್ತರರು ಸನ್ನೆ ಮಾಡಿದ ಕೂಡಲೇ ಎಲ್ಲರೂ ಇದ್ದ ಭಂಗಿಯಲ್ಲಿಯೇ ವಿಗ್ರಹದಂತೆ ನಿಲ್ಲಬೇಕು. ಗಮನವೂ ಅಭ್ಯಾಸದಿಂದ ಬೆಳೆಯುವಂಥದು ಎಂಬುದು ಅದರ ಹಿಂದಿನ ವಿಚಾರ. ಚಿಕ್ಕ ತರಗತಿಗಳಲ್ಲಿ ನೀವೂ ಆಡಿದ್ದೀರಿ, ನಾವು ಅದನ್ನು "ಸ್ಟ್ಯಾಚ್ಯೂ" ಎನ್ನುತ್ತಿದ್ದೆವು.

1911ರಲ್ಲಿ ಬಿನೆ ತೀರಿಕೊಂಡರು. ಅವರ ಸಾಧನ ಆಗಲೇ ಅಟ್ಲಾಂಟಿಕ್ ದಾಟಿತ್ತು.

ಅಮೆರಿಕದಲ್ಲಿ ನಡೆದದ್ದನ್ನು ಬರೆಯಲು ಬೇಸರವಾಗುತ್ತದೆ; ಬೇಗ ಮುಗಿಸುತ್ತೇನೆ. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಸೂತ್ರವನ್ನು 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಸೂಚಿಸಿದರು. ಅದನ್ನು ನೂರರಿಂದ ಗುಣಿಸಿ 1916ರಲ್ಲಿ ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ ಪ್ರಚಾರಕ್ಕೆ ತಂದರು. ಅದೇ ಐ.ಕ್ಯೂ., ನಮ್ಮ ಬಿ.ಎಡ್. ಪುಸ್ತಕಗಳ ಬುದ್ಧಿಲಬ್ಧ. ನೆರವಿಗಾಗಿ ಹುಟ್ಟಿದ ಮೆಟ್ಟಿಲು ಹಣೆಯ ಮೇಲಿನ ಅಂಕಿಯಾಯಿತು. ಹೆನ್ರಿ ಗೊಡಾರ್ಡ್ ಎಂಬುವರು 1913ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪಕ್ಕೆ ಸಹಾಯಕಿಯರನ್ನು ಕಳಿಸಿ, ಹಡಗಿನಿಂದ ಆಗತಾನೇ ಇಳಿದ, ದಣಿದ, ಭಾಷೆ ಅರಿಯದ ಬಡ ವಲಸಿಗರನ್ನು ಪರೀಕ್ಷಿಸಿ ಅವರಲ್ಲಿ ಬಹುಪಾಲು ಮಂದಬುದ್ಧಿಯವರೆಂದು ಸಾರಿದರು. ಮೊದಲ ಮಹಾಯುದ್ಧದಲ್ಲಿ ಹದಿನೇಳು ಲಕ್ಷದಷ್ಟು ಸೈನಿಕರಿಗೆ ಸಾಮೂಹಿಕ ಬುದ್ಧಿಪರೀಕ್ಷೆ ನಡೆಯಿತು.

1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಬಹುದೆಂದು ತೀರ್ಪಿತ್ತಿತು. ತಾಯಿ ಮಂದಬುದ್ಧಿ, ಮಗಳು ಮಂದಬುದ್ಧಿ, ಏಳೆಂಟು ತಿಂಗಳ ಮೊಮ್ಮಗಳೂ ಹಾಗೆಯೇ ಕಾಣುತ್ತಾಳೆ ಎಂಬುದು ವಾದ. ಆ ಮೊಮ್ಮಗಳು ವಿವಿಯನ್ ಮುಂದೆ ಶಾಲೆಗೆ ಹೋದಳು, ಒಂದು ಬಾರಿ ಒಳ್ಳೆಯ ಅಂಕ ಪಡೆದವರ ಗೌರವಪಟ್ಟಿಯಲ್ಲಿಯೂ ಇದ್ದಳು. 1932ರಲ್ಲಿ ಎಂಟರ ವಯಸ್ಸಿನಲ್ಲಿ ಕಾಯಿಲೆಯಿಂದ ಸತ್ತಳು. ಯಾರೋ ಒಬ್ಬ ಮಾಸ್ತರರು ಹಾಜರಿ ಕೂಗಿ, ಅಂಕ ಕೊಟ್ಟು, ಪಟ್ಟಿಯಲ್ಲಿ ಹೆಸರು ಬರೆದಿದ್ದರಿಂದಲೇ ಇದು ನಮಗೆ ತಿಳಿಯುವುದು. ಶಾಲೆಯ ದಾಖಲೆಪುಸ್ತಕಗಳನ್ನು ನಾನು ಅಷ್ಟು ಹಟದಿಂದ ಒಪ್ಪವಾಗಿಡುತ್ತಿದ್ದುದಕ್ಕೆ ನಗುತ್ತಿದ್ದವರು ಗಮನಿಸಬೇಕು.

ಇನ್ನು ನಮ್ಮ ನಾಡಿಗೆ ಬರೋಣ. ಈ ವಿದ್ಯೆ ಕನ್ನಡ ನಾಡಿಗೆ ಎರಡು ದಾರಿಗಳಲ್ಲಿ ಬಂದಿತು. ಒಂದು ಮೈಸೂರು. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಆಗ ಕುಲಪತಿಗಳು ಬ್ರಜೇಂದ್ರನಾಥ ಸೀಲ್. ವಿಭಾಗದ ಮುಖ್ಯಸ್ಥರು ಡಾ. ಎಂ. ವಿ. ಗೋಪಾಲಸ್ವಾಮಿಯವರು, ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಬಿತ್ತರಿಸಿ "ಆಕಾಶವಾಣಿ" ಎಂಬ ಹೆಸರನ್ನು ಬಳಕೆಗೆ ತಂದವರು ಇವರೇ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಕಲಿತವರು. ಒಂದು ವಿಷಯದಲ್ಲಿ ಮುಂದಿರುವ ಮಗು ಸಾಮಾನ್ಯವಾಗಿ ಉಳಿದ ವಿಷಯಗಳಲ್ಲಿಯೂ ಮುಂದಿರುತ್ತದೆ, ಆದ್ದರಿಂದ ಎಲ್ಲ ಸಾಮರ್ಥ್ಯಗಳ ತಳದಲ್ಲಿ ಒಂದು ಸಾಮಾನ್ಯ ಶಕ್ತಿ ಇದೆ ಎಂದು 1904ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಸ್ಪಿಯರ್‌ಮನ್. ಇದಕ್ಕೆ ಎದುರಾಗಿ ಬುದ್ಧಿ ಒಂದಲ್ಲ, ಏಳು ಮೂಲ ಸಾಮರ್ಥ್ಯಗಳ ಕೂಟ ಎಂದು 1938ರಲ್ಲಿ ಅಮೆರಿಕದ ಥರ್ಸ್ಟನ್ ವಾದಿಸಿದರು. ಒಂದೋ, ಹಲವೋ ಎಂಬ ಆ ಜಗಳ ಪೂರ್ತಿಯಾಗಿ ಇನ್ನೂ ಮುಗಿದಿಲ್ಲ.

ಇನ್ನೊಂದು ದಾರಿ ನನ್ನ ಮಟ್ಟಿಗೆ ಹೆಚ್ಚು ಆಪ್ತವಾದ ಧಾರವಾಡದ್ದು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಡಾ. ವಿ. ವಿ. ಕಾಮತರು ಬಿನೆ ಮಾನಕವನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿದರು. ಅದರ ವರದಿ 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಬಂದಿತು, 1940ರಲ್ಲಿ ಪುಸ್ತಕವೂ ಆಯಿತು. ಸಂಶೋಧನೆಯ ಕಷ್ಟವನ್ನು ಊಹಿಸಿ: ಪ್ಯಾರಿಸಿನ ಮಗುವಿಗೆ ಅಲ್ಲಿನ ನಾಣ್ಯ ತೋರಿಸಿ ಹೆಸರು ಕೇಳಬಹುದು, ಧಾರವಾಡದ ಮಗುವಿಗೆ ಅದು ಬಿಲ್ಲೆ ಅಷ್ಟೆ. ಪ್ರಶ್ನೆಯನ್ನು ಅನುವಾದಿಸಿದರೆ ಸಾಲದು, ಇಲ್ಲಿನ ಎಷ್ಟನೆಯ ವಯಸ್ಸಿನ ಮಗು ಅದನ್ನು ಉತ್ತರಿಸುತ್ತದೆ ಎಂದು ಮಕ್ಕಳ ಎದುರು ಕುಳಿತು ಹೊಸದಾಗಿ ಕಂಡುಕೊಳ್ಳಬೇಕು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ದೇಶದಲ್ಲೆಲ್ಲ ಹಬ್ಬಿತು. ಅಕ್ಷರ ಬಾರದ ಮಕ್ಕಳಿಗಾಗಿ, ಮರದ ತುಂಡು ಮತ್ತು ಚಿತ್ರಗಳ ಜೋಡಣೆಯಿಂದಲೇ ನಡೆಯುವ ಭಾಟಿಯಾ ಅವರ ಪರೀಕ್ಷಾಮಾಲೆ 1955ರಲ್ಲಿ ಬಂದಿತು.

1969ರಲ್ಲಿ ಧಾರವಾಡದಲ್ಲಿ ಬಿ.ಎಡ್. ಓದುವಾಗ ಪ್ರಾಯೋಗಿಕ ತರಗತಿಗೆಂದು ಆ ಪರೀಕ್ಷೆಯ ಪೆಟ್ಟಿಗೆಯನ್ನು ನಾನೂ ಕೈಯಲ್ಲಿ ಹಿಡಿದಿದ್ದೇನೆ. ಟಾಂಗಾ ಹೊಡೆಯುವವರ ಮಗನೊಬ್ಬನನ್ನು ಎದುರಿಗೆ ಕೂಡಿಸಿಕೊಂಡು, ಕುದುರೆ ಎಂದರೇನು ಎಂದು ಕೇಳಿದೆ. "ಟಾಂಗಾ ಎಳಿತೈತ್ರಿ" ಎಂದ. ಉಪಯೋಗವನ್ನಷ್ಟೆ ಹೇಳುವ ಉತ್ತರ ಚಿಕ್ಕ ವಯಸ್ಸಿನದು. ಪ್ರಾಣಿ ಎಂದು ವರ್ಗ ಸೇರಿಸಿ ಹೇಳಿದರೆ ಮೇಲಿನ ಮೆಟ್ಟಿಲು. ನಿಯಮದಂತೆ ಕಡಿಮೆ ಅಂಕ ಬರೆದುಕೊಂಡೆ. ಪರೀಕ್ಷೆ ಮುಗಿಸಿ ಅವನನ್ನು ಮನೆಗೆ ಬಿಡಲು ಹೋದಾಗ, ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುವುದು ಹೇಗೆಂದು ಅವನು ದಾರಿಯುದ್ದಕ್ಕೂ ನನಗೆ ವಿವರಿಸಿದ. ಅದನ್ನು ಬರೆಯಲು ನನ್ನ ನಮೂನೆಯಲ್ಲಿ ಜಾಗವಿರಲಿಲ್ಲ. ದೋಷ ಕಾಮತರದಲ್ಲ, ಒಂದು ಗಂಟೆಯ ಪರೀಕ್ಷೆಯಿಂದ ಏನನ್ನು ತಿಳಿಯಬಹುದೋ ಅದನ್ನೇ ಅವರು ತಿಳಿಯಹೊರಟವರು. ಆ ಅಂಕಿಯನ್ನು ಹುಡುಗನೆಂದೇ ಭಾವಿಸಿದ ದೋಷ ನನ್ನದು.

ಆಮೇಲಿನ ಮೂವತ್ತು ವರ್ಷ ನಾನು ಯಾವ ಮಾನಕವನ್ನೂ ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಬೀಳಲಿಲ್ಲ. ಕೊನೆಯ ಬೆಂಚು ಎಂಬ ಮಾನಕ ಇದ್ದೇ ಇತ್ತು. ನಿಮ್ಮಲ್ಲಿ ಕೆಲವರನ್ನು ಅಲ್ಲಿ ಕೂಡಿಸಿದ್ದೇನೆ, "ದಡ್ಡ" ಎಂದು ಕರೆದೂ ಇದ್ದೇನೆ. ನೆನಪಿಟ್ಟವರು ಕ್ಷಮಿಸಬೇಕು.

ಹೀಗಿರುವಾಗ 1999ರಲ್ಲಿ ಒಂದು ಶಿಕ್ಷಕರ ತರಬೇತಿ ಶಿಬಿರಕ್ಕೆ ಹೋದೆ. ಹಾರ್ವರ್ಡಿನ ಹೋವರ್ಡ್ ಗಾರ್ಡ್ನರ್ ಎಂಬುವರ ಹೆಸರನ್ನು ಮೊದಲು ಕೇಳಿದ್ದು ಅಲ್ಲಿ. ಮಿದುಳಿಗೆ ಪೆಟ್ಟಾದವರ ನಡುವೆ ಅವರು ಕೆಲಸ ಮಾಡಿದವರು. ಮಾತು ಹೋದವನು ಹಾಡಬಲ್ಲ, ದಾರಿ ಮರೆತವನು ಮಾತಾಡಬಲ್ಲ. ಆದ್ದರಿಂದ ಬುದ್ಧಿ ಒಂದೇ ದೀಪವಲ್ಲ ಎಂದು ಅವರಿಗೆ ತೋರಿತು. 1983ರ ಪುಸ್ತಕದಲ್ಲಿ ಭಾಷೆ, ತರ್ಕ–ಗಣಿತ, ಸಂಗೀತ, ದೇಹಚಲನೆ, ಅವಕಾಶದ ಅರಿವು, ಪರರನ್ನು ಅರಿಯುವುದು, ತನ್ನನ್ನು ಅರಿಯುವುದು ಎಂದು ಏಳು ಬುದ್ಧಿಗಳನ್ನು ಹೆಸರಿಸಿದರು. ನಿಸರ್ಗವನ್ನು ಅರಿಯುವ ಎಂಟನೆಯದನ್ನು ಮುಂದೆ ಸೇರಿಸಿದರು. ಆ ದಿನ ಶಿಬಿರದಲ್ಲಿ ಕುಳಿತು ಕೇಳುತ್ತಿದ್ದಾಗ ನನ್ನ ಕಣ್ಣು ತೇವವಾದದ್ದು ಸುಳ್ಳಲ್ಲ. ಕೊನೆಯ ಬೆಂಚಿನ ಎಷ್ಟೋ ಮುಖಗಳು ಎದುರಿಗೆ ಬಂದು ನಿಂತವು. ಮಧ್ಯಾಹ್ನದ ಅವಧಿಯಲ್ಲಿ ಇನ್ನೊಬ್ಬರು ಬಂದು, ಮಕ್ಕಳಲ್ಲಿ ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು, ಕೈಯಿಂದ ಕಲಿಯುವವರು ಎಂದು ಮೂರು ತೆರ, ಅವರವರ ತೆರಕ್ಕೆ ತಕ್ಕಂತೆ ಪಾಠ ಮಾಡಿರೆಂದು ಹೇಳಿದರು. ಬೆಳಗಿನ ಮಾತೂ ಮಧ್ಯಾಹ್ನದ ಮಾತೂ ಒಂದೇ ಎಂದು ನಾವೆಲ್ಲ ತಿಳಿದೆವು.

ಅವೆರಡೂ ಒಂದಲ್ಲ. ಒಂದು, ಸಾಮರ್ಥ್ಯಗಳು ಹಲವು ಎನ್ನುವ ಮಾತು. ಇನ್ನೊಂದು, ಪ್ರತಿ ಮಗುವಿಗೂ ಒಂದು ಇಂದ್ರಿಯದ ಬಾಗಿಲಿದೆ, ಅದರಿಂದಲೇ ಪಾಠ ಒಳಹೋಗಬೇಕು ಎನ್ನುವ ಮಾತು. ಈ ಎರಡನೆಯದನ್ನು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಮತ್ತು ಕೊಲೀನ್ ಮಿಲ್ಸ್ 1992ರಲ್ಲಿ ಸುಲಭವಾದ ಪ್ರಶ್ನಾವಳಿಯಾಗಿ ಕೊಟ್ಟ ಮೇಲೆ ಅದು ಬಹಳ ಜನಪ್ರಿಯವಾಯಿತು. ಇಂಥ ವಿಂಗಡಣೆಗಳು ಎಷ್ಟಾದುವೆಂದರೆ, 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಎಣಿಸಿದಾಗ 71 ಬಗೆಯವು ಸಿಕ್ಕವು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಸರಳವಾದ ಪ್ರಶ್ನೆ ಕೇಳಿದರು: ಕಣ್ಣಿನವರೆನಿಸಿಕೊಂಡವರಲ್ಲಿ ಅರ್ಧ ಜನಕ್ಕೆ ಚಿತ್ರದಿಂದಲೂ ಅರ್ಧ ಜನಕ್ಕೆ ಮಾತಿನಿಂದಲೂ ಕಲಿಸಿ, ಕಿವಿಯವರಿಗೂ ಹಾಗೆಯೇ ಮಾಡಿ, ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟರೆ, ತಮ್ಮ ತಮ್ಮ ಬಾಗಿಲಿನಿಂದ ಕಲಿತವರು ನಿಜವಾಗಿ ಮುಂದಿರುತ್ತಾರೆಯೇ? ಹಾಗೆಂದು ಒಪ್ಪಬಹುದಾದ ಪುರಾವೆ ಅವರಿಗೆ ದೊರೆಯಲಿಲ್ಲ. ಮಕ್ಕಳಿಗೆ ಇಷ್ಟಾನಿಷ್ಟಗಳಿರುವುದು ನಿಜ, ಸಾಮರ್ಥ್ಯದಲ್ಲಿ ಹೆಚ್ಚುಕಡಿಮೆ ಇರುವುದೂ ನಿಜ. ಆದರೆ ಬಾಗಿಲನ್ನು ನಿರ್ಧರಿಸುವುದು ಬಹುಮಟ್ಟಿಗೆ ಪಾಠವೇ. ನಕಾಶೆಯನ್ನು ಯಾರಿಗಾದರೂ ತೋರಿಸಿಯೇ ಕಲಿಸಬೇಕು. ರಾಗವನ್ನು ಕೇಳಿಸಿಯೇ ಕಲಿಸಬೇಕು. ಗಾರ್ಡ್ನರ್ ಕೂಡ 2013ರಲ್ಲಿ ಪತ್ರಿಕೆಯಲ್ಲಿ ಬರೆದು, ತಮ್ಮ ಸಿದ್ಧಾಂತವನ್ನು ಕಲಿಕೆಯ ಶೈಲಿಗಳೊಡನೆ ಬೆರೆಸಬೇಡಿ ಎಂದು ಕೇಳಿಕೊಂಡರು. ಅವರ ಏಳೆಂಟು ಬುದ್ಧಿಗಳಿಗೂ ಮನೋವಿಜ್ಞಾನಿಗಳಲ್ಲಿ ಪೂರ್ಣ ಒಪ್ಪಿಗೆಯಿಲ್ಲ. ಒಂದರಲ್ಲಿ ಮುಂದಿರುವವರು ಮತ್ತೊಂದರಲ್ಲಿಯೂ ಮುಂದಿರುವ ಸ್ಪಿಯರ್‌ಮನ್ನರ ಹಳೆಯ ಲೆಕ್ಕ ಮತ್ತೆ ಮತ್ತೆ ತಲೆಯೆತ್ತುತ್ತದೆ. ಆಸ್ಟ್ರೇಲಿಯಾದಲ್ಲಂತೂ ಒಂದು ಶಿಕ್ಷಣ ಯೋಜನೆ ಯಾವ ಜನಾಂಗಕ್ಕೆ ಯಾವ ಬುದ್ಧಿ ಇದೆ, ಯಾವುದು ಇಲ್ಲ ಎಂದು ಪಟ್ಟಿ ಮಾಡಿಬಿಟ್ಟಿತು. ಗಾರ್ಡ್ನರ್ ಅದನ್ನು ಬಹಿರಂಗವಾಗಿ ವಿರೋಧಿಸಬೇಕಾಯಿತು. ಬಿನೆ ಬದುಕಿದ್ದರೆ ಅವರ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರೇನೋ.

ಇದೆಲ್ಲ ನನಗೆ ತಿಳಿದದ್ದು ನಿವೃತ್ತಿಯ ನಂತರ. 1999ರಲ್ಲಿ ಶಿಬಿರದಿಂದ ಬಂದ ಮರುವಾರವೇ ಎಂಟನೆಯ ತರಗತಿಯ 43 ಮಕ್ಕಳನ್ನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಂಬಗಳಲ್ಲಿ ಬರೆದೆ: ಕಣ್ಣಿನವರು, ಕಿವಿಯವರು, ಕೈಯವರು. ಬಹಳ ಉತ್ಸಾಹದಿಂದ ಬರೆದೆ. ಕೈಯವರ ಕಂಬದಲ್ಲಿ ಮೊದಲ ಹೆಸರು ನನ್ನ ಈ ವೆಲ್ಡಿಂಗ್ ಅಂಗಡಿಯವನದು. ಅವನಿಗೆ ಓದು ತಡವರಿಸುತ್ತಿತ್ತು. ಆದರೆ ತಂತಿ, ತಗಡು, ಸೈಕಲ್ಲಿನ ಹಳೆಯ ಭಾಗಗಳಿಂದ ಒಂದು ನೀರೆತ್ತುವ ಪಂಪಿನ ಮಾದರಿ ಮಾಡಿ ತಂದಿದ್ದ, ಅದು ನಿಜವಾಗಿಯೂ ನೀರೆತ್ತುತ್ತಿತ್ತು. ಇಡೀ ತರಗತಿಯ ಎದುರು ಅವನ ಬೆನ್ನು ತಟ್ಟಿ, "ನಿನ್ನ ಬುದ್ಧಿ ನಿನ್ನ ಕೈಯಲ್ಲಿದೆ" ಎಂದೆ. ಅಂದಿನಿಂದ ಗಟ್ಟಿಯಾಗಿ ಓದುವ ಸರದಿ ಬಂದಾಗ ಅವನನ್ನು ಬಿಟ್ಟು ಮುಂದಿನವನಿಗೆ ಹೇಳುತ್ತಿದ್ದೆ. ಕಾಗದದ ಮೇಲಿನ ಲೆಕ್ಕದ ಬದಲು ಕಡ್ಡಿ, ಕಲ್ಲು ಕೊಡುತ್ತಿದ್ದೆ. ಉಪಕಾರವೆಂದೇ ತಿಳಿದು ಮಾಡಿದೆ. ಅವನ ಮುಖ ಅರಳುತ್ತಿದ್ದುದನ್ನು ಕಂಡು ನನಗೂ ಹಿಗ್ಗಾಗುತ್ತಿತ್ತು.

ಕಳೆದ ತಿಂಗಳು ಆ ಬಣ್ಣದ ವರದಿಯನ್ನು ಮಡಿಸುತ್ತ ಅವನು ಹೇಳಿದ್ದು ಇದು:

"ಸರ, ಬೆನ್ನ ಚಪ್ಪರಿಸಿ ಹೇಳಿದ್ರಲ್ರೀ, ನಿನ್ನ ಬುದ್ಧಿ ಕೈಯಾಗ ಐತಿ ಅಂತ. ಅವತ್ತ ಭಾಳ ಖುಷಿ ಆಗಿತ್ರಿ. ನಂಗ ಓದು ಬ್ಯಾಡ ಅಂತ ನಾನ ತಿಳ್ಕೊಂಡಬಿಟ್ಟೆ. ಐ.ಟಿ.ಐ. ಮುಗಿಸಿದೆ, ಆಮ್ಯಾಲ ಡಿಪ್ಲೊಮಾಕ್ಕ ಕೂತರ ಪುಸ್ತಕ ಹಿಡಿಯಾಕ ಆಗ್ಲಿಲ್ರಿ, ಎರಡ ಸಲ ಬಿಟ್ಟೆ. ಟೆಂಡರ್ ಕಾಗದಾ ಓದಾಕ ಈಗೂ ಮತ್ತೊಬ್ಬರ ಹತ್ರ ಹೋಗ್ತೀನ್ರಿ. ನೀವು ದಡ್ಡ ಅಂದಿದ್ರ ಸಿಟ್ಟಾದ್ರೂ ಬರ್ತಿತ್ತು, ಹಟಾ ಹಿಡದು ಓದ್ತಿದ್ನೋ ಏನೋ."

ಅವನ ದನಿಯಲ್ಲಿ ಕಹಿಯಿರಲಿಲ್ಲ. ಮಗಳ ಬಗೆಗಿನ ಚಿಂತೆಯಷ್ಟೆ ಇತ್ತು. ನನ್ನ ಮನೆಯವಳು ಒಳಗಿನಿಂದ ಇನ್ನೊಂದು ಲೋಟ ಕಾಫಿ ತಂದಿಟ್ಟು ಹೋದಳು. ನಾನು ಏನು ಹೇಳಬೇಕೆಂದು ತಿಳಿಯದೆ ಕೆಲಹೊತ್ತು ಸುಮ್ಮನೆ ಕುಳಿತಿದ್ದೆ. ಬಳಿಕ, "ತಪ್ಪಾಯಿತು, ಮಗನೇ" ಎಂದೆ. ಅವನು ಗಾಬರಿಯಾಗಿ ಎದ್ದು ನಿಂತು, "ಅಯ್ಯ, ಹಂಗ್ಯಾಕ ಅಂತೀರಿ ಸರ" ಎಂದು ಕಾಲು ಮುಟ್ಟಲು ಬಂದ. ತಡೆದೆ.

ಮೂರು ಕಂಬಗಳ ಆ ನೋಟ್‌ಬುಕ್ಕನ್ನು ಅಟ್ಟದ ಟ್ರಂಕಿನಲ್ಲಿ ಹುಡುಕಿಸಿದೆ, ಸಿಕ್ಕಿತು. ಗೆದ್ದಲು ಮುಟ್ಟಿಲ್ಲ. ಅದರಲ್ಲಿ ಹೆಸರಿರುವವರಲ್ಲಿ ಹತ್ತು ಹನ್ನೆರಡು ಮಂದಿಯಾದರೂ ಇದನ್ನು ಓದುತ್ತಿದ್ದೀರಿ. ನಿಮ್ಮನ್ನು ಯಾವ ಕಂಬದಲ್ಲಿ ಬರೆದಿದ್ದೆ, ಅದರಿಂದ ನಿಮಗೆ ಏನಾಯಿತು ಅಥವಾ ಏನೂ ಆಗಲಿಲ್ಲ ಎಂಬುದನ್ನು ನನಗೆ ಬರೆದು ತಿಳಿಸಿ; ಸಂಕೋಚ ಬೇಡ.

ಬಣ್ಣದ ವರದಿಯನ್ನು ಅವನು ಮರಳಿ ಒಯ್ಯಲಿಲ್ಲ. ಬರುವ ಭಾನುವಾರ ಮಗಳನ್ನು ಕರೆತರುವೆನೆಂದು ಹೇಳಿ ಹೋಗಿದ್ದಾನೆ. ಅವಳಿಗೆ ಭಿನ್ನರಾಶಿಯ ಭಾಗಾಕಾರ ತೊಡಕಾಗಿದೆಯಂತೆ. ಅವಳ ಪಾಠವಾದ ಮೇಲೆ ಅರ್ಧ ತಾಸು ತಾನೂ ಕೂತು ಒಂದು ಟೆಂಡರ್ ಕಾಗದವನ್ನು ನನ್ನೆದುರು ಗಟ್ಟಿಯಾಗಿ ಓದುತ್ತೇನೆಂದೂ ಹೇಳಿದ್ದಾನೆ.